ಕಾರ್ಡಿನ ಕೆಂಪು ಗೆರೆ

ಮಳೆಗಾಲ ಶುರುವಾದರೆ ನಮ್ಮ ಲ್ಯಾಬಿನ ಬೆಂಚು ಬೆಳಗ್ಗೆ ಎಂಟಕ್ಕೇ ತುಂಬುತ್ತದೆ. ಕೋಲಾರದ ಟೊಮೆಟೊ ಮಂಡಿ ಹತ್ತಿರವಿರುವುದರಿಂದ ಹಮಾಲಿಗಳು, ಲಾರಿ ಡ್ರೈವರ್‌ಗಳು ಜಾಸ್ತಿ. 'ಅಣ್ಣಾ, ಡೆಂಗ್ಯೂ ಇದೆಯಾ ನೋಡಿ ಬೇಗ ಹೇಳಿ, ಲೋಡ್ ಕಾಯ್ತಿದೆ' ಅನ್ನುವ ಮಾತು ದಿನಾ ಕೇಳುತ್ತೇನೆ.

ಆ ಬೇಗಕ್ಕೆ ಬಳಸುವುದೇ ರ‍್ಯಾಪಿಡ್ ಕಾರ್ಡ್. ಒಂದು ತುದಿಗೆ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಹಾಕಿದರೆ ಹಾಳೆಯ ಮೇಲೆ ಹರಿದು ಹೋಗುತ್ತದೆ. 'ಸಿ' ಗೆರೆ ಒಂದೇ ಬಂದರೆ ನೆಗೆಟಿವ್, 'ಟಿ' ಗೆರೆಯೂ ಮೂಡಿದರೆ ಪಾಸಿಟಿವ್. 'ಸಿ' ಗೆರೆಯೇ ಬರದಿದ್ದರೆ ಕಾರ್ಡನ್ನು ಬಿಸಾಡಬೇಕು, ಅಷ್ಟೆ. ಹೀಗೆ ಎಷ್ಟೋ ಕಾರ್ಡ್ ಓದಿದ್ದೆ. ಆ ಗೆರೆ ಯಾಕೆ ಕೆಂಪು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಕೇಳಿಕೊಂಡಿದ್ದು ಎಡವಿದ ಮೇಲೆ. ಅವತ್ತು ಒಬ್ಬ ಹಮಾಲಿಯ ಕಾರ್ಡ್ ಹಾಕಿಟ್ಟು, ಒಂದು ಮಗುವಿನ ರಕ್ತ ತೆಗೆಯಲು ಹೋದೆ. ನರ ಸಿಗಲಿಲ್ಲ, ಮಗು ಅಳು ನಿಲ್ಲಿಸಲಿಲ್ಲ. ವಾಪಸ್ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. 'ಟಿ' ಜಾಗದಲ್ಲಿ ಮಸುಕು ಮಸುಕಾಗಿ ಒಂದು ಗೆರೆ. ಎನ್‌ಎಸ್‌1 (ಡೆಂಗ್ಯೂ ವೈರಸ್ಸಿನ ಪ್ರೋಟೀನ್) ಪಾಸಿಟಿವ್ ಅಂತ ಬರೆದುಕೊಟ್ಟೆ. ಸಂಜೆ ಡಾಕ್ಟರ್ ಫೋನ್ ಮಾಡಿದರು: 'ಜ್ವರ ಬಂದು ಒಂಬತ್ತು ದಿನ ಆಯ್ತಲ್ಲಪ್ಪಾ, ಪ್ಲೇಟ್ಲೆಟ್ಟೂ ಚೆನ್ನಾಗಿದೆ. ಇನ್ನೊಂದು ಸಲ ನೋಡು.' ಉಳಿದಿದ್ದ ಸೀರಂ ತೆಗೆದು ಹೊಸ ಕಾರ್ಡಿಗೆ ಹಾಕಿ, ಈ ಸಲ ಪಕ್ಕದಲ್ಲೇ ಕೂತೆ. ಹದಿನೈದು ನಿಮಿಷಕ್ಕೆ 'ಸಿ' ಗೆರೆ ಮಾತ್ರ.

ಆ ರಾತ್ರಿ ಕಿಟ್ಟಿನ ಚೀಟಿಯನ್ನು ಮೊದಲ ಸಲ ಪೂರ್ತಿ ಓದಿದೆ. ನಾವು ಬಳಸುವ ಕಾರ್ಡಿನ ಕೆಂಪು ಬಣ್ಣ ಚಿನ್ನದ್ದು! ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಆದರೆ, ಈ ಚಿನ್ನದ ಕಣ ಸುಮಾರು 40. ಅಷ್ಟು ಸಣ್ಣದಾದಾಗ ಚಿನ್ನ ಬೆಳಕನ್ನು ಹಿಡಿಯುವ ರೀತಿಯೇ ಬೇರೆ, ಹಳದಿ ಹೋಗಿ ಕೆಂಪಾಗಿ ಕಾಣುತ್ತದೆ. ಕಣಗಳಿಗೆ ಪ್ರತಿಕಾಯ (ಆಂಟಿಬಾಡಿ) ಅಂಟಿಸಿರುತ್ತಾರೆ. ಡೆಂಗ್ಯೂ ವೈರಸ್ ರಕ್ತಕ್ಕೆ ಬಿಡುವ ಎನ್‌ಎಸ್‌1 ಪ್ರೋಟೀನನ್ನು ಅವು ಹಿಡಿದುಕೊಂಡು ಹರಿಯುತ್ತವೆ. 'ಟಿ' ಗೆರೆಯಲ್ಲಿ ಕಾದಿರುವ ಇನ್ನೊಂದು ಪ್ರತಿಕಾಯ ಅದೇ ಪ್ರೋಟೀನನ್ನು ಹಿಡಿದು ನಿಲ್ಲಿಸುತ್ತದೆ. ಲಕ್ಷಾಂತರ ಕಣ ಒಂದೇ ಕಡೆ ಗುಂಪಾದಾಗ ನಮ್ಮ ಕಣ್ಣಿಗೆ ಗೆರೆ. ಹೊತ್ತು ಮೀರಿ ಹಾಳೆ ಒಣಗತೊಡಗಿದರೆ ಪ್ರೋಟೀನ್ ಇಲ್ಲದಿದ್ದರೂ ಕಣಗಳು ಅಲ್ಲಿ ಉಳಿದುಬಿಡಬಹುದು. ನಾನು ಓದಿದ್ದು ಆ ಗೆರೆಯನ್ನು.

ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದವರು. ಗಣಿ 2001ರಲ್ಲೇ ಮುಚ್ಚಿತು. ಮೊಮ್ಮಗನೂ ಚಿನ್ನದ ಕೆಲಸದಲ್ಲೇ ಇದ್ದಾನೆ ಅಂದಿದ್ದರೆ ಎಷ್ಟು ನಗುತ್ತಿದ್ದರೋ.

ಈಗ ಪ್ರತಿ ಕಾರ್ಡಿನ ಪಕ್ಕ ಅಡುಗೆಮನೆಯ ಟೈಮರ್ ಇಡುತ್ತೇನೆ. ಫ್ರಿಜ್‌ನಿಂದ ತೆಗೆದ ಪೌಚನ್ನು ತಣ್ಣಗಿರುವಾಗಲೇ ಹರಿಯುವುದಿಲ್ಲ, ತೇವ ಹಿಡಿಯುತ್ತದೆ. ಬೇಸಿಗೆಯಲ್ಲಿ ಕಿಟ್ಟನ್ನು ಸ್ಕೂಟರ್ ಡಿಕ್ಕಿಯಲ್ಲಿ ತರುವುದನ್ನೂ ಬಿಟ್ಟೆ. ಆ ಕಾವಿಗೆ ಚಿನ್ನಕ್ಕೇನೂ ಆಗಲ್ಲ, ಪ್ರತಿಕಾಯ ಕೆಡುತ್ತದೆ. ಮುಖ್ಯವಾಗಿ, ಸೂಜಿ ಚುಚ್ಚುವ ಮೊದಲೇ 'ಜ್ವರ ಎಷ್ಟನೇ ದಿನ?' ಅಂತ ಕೇಳುತ್ತೇನೆ. ಎನ್‌ಎಸ್‌1 ಚೆನ್ನಾಗಿ ಸಿಗುವುದು ಮೊದಲ ನಾಲ್ಕೈದು ದಿನ. ಆಮೇಲಾದರೆ, ವೈರಸ್ ವಿರುದ್ಧ ದೇಹವೇ ಮಾಡಿಕೊಂಡ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಸರ್ಕಾರದ ಲೆಕ್ಕಕ್ಕೂ ಎಲೈಸಾನೇ ಬೇಕು.

ಹಾಗೆ ಹೇಳಿದಾಗ ಕೆಲವರು ಬೈದುಕೊಂಡು ಪಕ್ಕದ ಲ್ಯಾಬಿಗೆ ಹೋಗುತ್ತಾರೆ. ಮೊನ್ನೆಯೂ ಇಬ್ಬರು ಹೋದರು. ಮೂರನೆಯವನು ಮಾತ್ರ ಟೈಮರ್ ಕಡೆ ಬೆರಳು ತೋರಿಸಿ, 'ಇದು ಕೂಗೋವರೆಗೂ ಇಲ್ಲೇ ಕೂರಬೇಕಾ ಅಣ್ಣಾ?' ಅಂದ. ಹೂಂ ಅಂದೆ.