ಬಂದ ದಾರಿಯ ಚಕ್ರದ ಗುರುತು

ಬೈಲಹೊಂಗಲ, ಸವದತ್ತಿ ಕಡೆಯ ಹುಡುಗರು ಸೇನೆ ಸೇರಿ ಚಾಲಕರಾದ ಮೇಲೆ, ರಜೆಗೆ ಬಂದಾಗ ನನ್ನನ್ನು ಕಾಣಲು ಬರುತ್ತಾರೆ. ಇಪ್ಪತ್ತೆರಡು ವರ್ಷ ಸೇನೆಯ ಲಾರಿ ಓಡಿಸಿದವನು ನಾನು. ಶಾಂತಿಪಾಲನಾ ಪಡೆಯೊಂದಿಗೆ ಹೊರದೇಶಕ್ಕೆ ಹೊರಟವರಿಗಾಗಿ, ದಾರಿಯಲ್ಲಿ ಚೆಲ್ಲಿದ ನೆಲಬಾಂಬು ಕಂಡರೆ ಏನು ಮಾಡಬೇಕೆಂದು ಬರೆಯುತ್ತಿದ್ದೇನೆ.

2002ರಲ್ಲಿ ಬಾರ್ಮೇರ್ ಗಡಿಯಲ್ಲಿ ನಾನು ನೀರಿನ ಟ್ಯಾಂಕರ್ ಓಡಿಸುತ್ತಿದ್ದೆ. ಅಲ್ಲಿನ ನೆಲಬಾಂಬುಗಳನ್ನು ನಮ್ಮವರೇ ಹೂತಿದ್ದರು. ಸುತ್ತ ತಂತಿ ಬೇಲಿ, ಕೆಂಪು ತ್ರಿಕೋನದ ಫಲಕ, ಎಲ್ಲೆಲ್ಲಿ ಹೂತಿದೆ ಎಂಬ ನಕ್ಷೆ ಎಲ್ಲವೂ ಇದ್ದವು. ಹಾಗಿದ್ದೂ ಮರಳು ಸರಿದು ಜಾಗ ಬದಲಾದಾಗ ಎದೆ ನಡುಗುತ್ತಿತ್ತು. ಈಗಿನ ಯುದ್ಧಗಳಲ್ಲಿ ಬೇಲಿಯೂ ಇಲ್ಲ, ಫಲಕವೂ ಇಲ್ಲ. ಫಿರಂಗಿ ಶೆಲ್, ರಾಕೆಟ್, ಹೆಲಿಕಾಪ್ಟರ್ ದೂರದಿಂದಲೇ ನೆಲಬಾಂಬುಗಳನ್ನು ಚೆಲ್ಲುತ್ತವೆ. ಬೆಳಿಗ್ಗೆ ನೀವು ಹೋದ ರಸ್ತೆ ಸಂಜೆಗೆ ಅದೇ ರಸ್ತೆಯಾಗಿರುವುದಿಲ್ಲ.

ಮೊದಲು ಕಣ್ಣಿಗೆ ಅಭ್ಯಾಸ ಬೇಕು. ಇವು ಹೂತಿರುವುದಿಲ್ಲ, ನೆಲದ ಮೇಲೇ ಬಿದ್ದಿರುತ್ತವೆ; ಹುಲ್ಲು, ಕೆಸರು, ಹಿಮ ಮರೆಮಾಡುತ್ತವೆ. ಅಮೆರಿಕದ 155 ಮಿ.ಮೀ. ಶೆಲ್ ಒಂದೇ ಒಂಬತ್ತು ನೆಲಬಾಂಬುಗಳನ್ನು ಚೆಲ್ಲುತ್ತದೆ. ಒಂದೊಂದೂ ಸುಮಾರು 12 ಸೆಂ.ಮೀ. ಅಗಲದ ದುಂಡು ಡಬ್ಬಿ. ರಷ್ಯಾದ ಪಿಟಿಎಂ-3 ಎಂಬ ನೆಲಬಾಂಬು ಸುಮಾರು 33 ಸೆಂ.ಮೀ. ಉದ್ದದ ಚೌಕಾಕಾರದ ಲೋಹದ ತುಂಡು, ತೂಕ ಐದು ಕಿಲೋಗೆ ಹತ್ತಿರ. ಹುಡುಗರ ಕಣ್ಣು ಪಳಗಲೆಂದು ಗೋಕಾಕದ ಕರದಂಟಿನ ಖಾಲಿ ಡಬ್ಬಿಗೆ ಹಸಿರು ಬಣ್ಣ ಬಳಿದು ಜೋಳದ ಹೊಲದ ಬದುವಿನಲ್ಲಿ ಇಡುತ್ತೇನೆ. ಹತ್ತು ಹೆಜ್ಜೆ ದೂರದಲ್ಲಿದ್ದರೂ ಮೊದಲ ದಿನ ಅರ್ಧ ಜನಕ್ಕೆ ಕಾಣುವುದಿಲ್ಲ.

ಚಕ್ರ ಹತ್ತಿದರಷ್ಟೇ ಸಿಡಿಯುತ್ತದೆ ಎಂದುಕೊಳ್ಳಬೇಡಿ. ಮೇಲೆ ಹೇಳಿದ ಎರಡೂ ಬಗೆಗಳು ವಾಹನದ ಲೋಹದಿಂದ ಆಗುವ ಕಾಂತೀಯ ಬದಲಾವಣೆಯನ್ನೇ ಗ್ರಹಿಸುತ್ತವೆ. ಕೆಲವು ಅಲುಗಾಡಿಸಿದರೂ ಸಿಡಿಯುತ್ತವೆ. ಆದ್ದರಿಂದ ಕೋಲಿನಿಂದ ಸರಿಸುವುದು, ಕಲ್ಲು ಎಸೆಯುವುದು, ಫೋಟೊ ತೆಗೆಯಲು ಹತ್ತಿರ ಹೋಗುವುದು ಯಾವುದೂ ಬೇಡ.

ಕಂಡ ಕೂಡಲೇ ವಾಹನ ನಿಲ್ಲಿಸಿ. ಸ್ಟೇರಿಂಗ್ ತಿರುಗಿಸಬೇಡಿ, ಹಿಂದಕ್ಕೂ ತೆಗೆಯಬೇಡಿ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ, ಬಂದ ದಾರಿಯಲ್ಲೇ ರಿವರ್ಸ್ ಹೋದರಾಯಿತಲ್ಲ ಎನ್ನುತ್ತಾರೆ. ಅದಕ್ಕೇ ಒಮ್ಮೆ ಮಳೆ ನಿಂತ ಮರುದಿನ ನಮ್ಮ ಎರೆಹೊಲದಲ್ಲಿ ಟ್ರ್ಯಾಕ್ಟರ್ ಮುಂದಕ್ಕೆ ಓಡಿಸಿ, ಮೂಡಿದ ಗುರುತಿನಲ್ಲಿ ಸುಣ್ಣದ ಪುಡಿ ಉದುರಿಸಿದೆ. ಹತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಹುಡುಗನೇ ಹಿಂದಕ್ಕೆ ತಂದ. ಎಂಟು ಮಾರು ಬರುವಷ್ಟರಲ್ಲಿ ಚಕ್ರ ಸುಣ್ಣ ಬಿಟ್ಟು ಒಂದು ಗೇಣು ಪಕ್ಕದ ಹಸಿ ಮಣ್ಣನ್ನು ತುಳಿದಿತ್ತು. ಅವನು ಇಳಿದು ಆ ಗೆರೆಯನ್ನೇ ನೋಡುತ್ತ ಬಹಳ ಹೊತ್ತು ನಿಂತ.

ನಿಂತ ಮೇಲೆ ಹಾರ್ನ್ ಹೊಡೆದು ಹಿಂದಿನ ವಾಹನಗಳನ್ನು ತಡೆಯಿರಿ. ಸುದ್ದಿ ಮುಟ್ಟಿಸಿ, ನೆಲಬಾಂಬ್ ತೆಗೆಯುವ ತಂಡ ಹೇಳಿದಂತೆ ನಡೆಯಿರಿ. ಇಳಿಯಲೇಬೇಕಾಗಿ ಬಂದರೆ ಬಾಗಿಲಿನಿಂದ ಕೆಳಕ್ಕೆ ಹಾರಬೇಡಿ. ವಾಹನದ ಮೇಲಿನಿಂದಲೇ ಹಿಂಭಾಗಕ್ಕೆ ಬಂದು, ಚಕ್ರದ ಗುರುತಿನೊಳಗೇ ಕಾಲೂರಿ, ಅಂತರ ಬಿಟ್ಟು ಒಬ್ಬರ ಹಿಂದೊಬ್ಬರು ನಡೆಯಿರಿ.

ಇವು ಗಂಟೆಗಳ ಲೆಕ್ಕದಲ್ಲಿ ತಾವಾಗಿಯೇ ಸಿಡಿದುಹೋಗುತ್ತವೆ ಎಂದು ಕೇಳಿರುತ್ತೀರಿ. ಅದು ನಿಜ: ಅಮೆರಿಕದ್ದಕ್ಕೆ 4 ಅಥವಾ 48 ಗಂಟೆಯ ಅವಧಿ ಇದೆ. ನೆಲಬಾಂಬುಗಳ ಬಗ್ಗೆ 1996ರಲ್ಲಿ ತಿದ್ದುಪಡಿಯಾದ ಅಂತರರಾಷ್ಟ್ರೀಯ ಒಡಂಬಡಿಕೆಯೂ, ದೂರದಿಂದ ಚೆಲ್ಲುವ ಇಂಥವುಗಳಿಗೆ ಸಾಧ್ಯವಾದಷ್ಟು ಆ ವ್ಯವಸ್ಥೆ ಇರಬೇಕೆನ್ನುತ್ತದೆ. ಆದರೆ ಯಂತ್ರ ಕೈಕೊಡುತ್ತದೆ. ಯಾವಾಗ ಬಿದ್ದದ್ದೆಂದು ನಿಮಗೆ ತಿಳಿದೂ ಇರುವುದಿಲ್ಲ. ಎರಡು ದಿನ ಕಳೆಯಿತೆಂದು ದಾರಿ ತೆರೆಯುವುದನ್ನು ನಾನು ಒಪ್ಪುವುದಿಲ್ಲ. ತಂಡ ಪರೀಕ್ಷಿಸಿ ಹೇಳಲಿ.

ಸುರಕ್ಷಿತ ಜಾಗ ತಲುಪಿದ ಮೇಲೆ ರಸ್ತೆಗೆ ಅಡ್ಡಲಾಗಿ ಕಲ್ಲು, ಕೊಂಬೆ ಇಟ್ಟು, ಬಣ್ಣದ ಬಟ್ಟೆ ಕಟ್ಟಿ. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಕಂಡದ್ದರ ಆಕಾರ, ಎಷ್ಟು ಕಂಡವು, ರಸ್ತೆಯ ಯಾವ ಬದಿ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಸಂಜೆ ಅದೇ ದಾರಿಯಲ್ಲಿ ಬರುವ ಹಾಲಿನ ಗಾಡಿಯವನ ಬಳಿ ರೇಡಿಯೊ ಇರುವುದಿಲ್ಲ.