ಮೀಟರಿನ ಕೆಂಪು ದೀಪ ಎಣಿಸಿದ ಮೇಲೆ

ಹೋದ ವರ್ಷ ಜನವರಿಯಲ್ಲಿ ನಮ್ಮ ಮನೆಗೆ 214 ಯೂನಿಟ್ ಕರೆಂಟ್ ಬಿಲ್ ಬಂತು. ಗೃಹಜ್ಯೋತಿಯಲ್ಲಿ 200 ದಾಟಿದರೆ ಮೇಲಿನ ಹದಿನಾಲ್ಕಕ್ಕಲ್ಲ, ಪೂರ್ತಿ 214ಕ್ಕೂ ನಾವೇ ಕಟ್ಟಬೇಕು. ಚಿಕ್ಕಮಗಳೂರಿನ ಚಳಿಯಲ್ಲಿ ಫ್ಯಾನ್ ಹಾಕುವವರು ಯಾರು, ಎಸಿ ಅಂತೂ ಇಲ್ಲವೇ ಇಲ್ಲ, ಮತ್ತೆ ಇಷ್ಟೊಂದು ಎಲ್ಲಿ ಹೋಯಿತು ಅಂತ ತಲೆ ಕೆಟ್ಟಿತು.

ಆಗಷ್ಟೇ ಅಪ್ಪನ ಕಾಲದ ಹೆಂಚಿನ ಮನೆ ರಿಪೇರಿಗೆ ಅಂತ ಸ್ವಲ್ಪ ದುಡ್ಡು ಕೂಡಿಟ್ಟಿದ್ದೆವು. ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿಸೋಣ, ಮನೆ ಬೆಲೆಯೂ ಏರುತ್ತೆ ಅಂತ ತಮ್ಮನ ಹಟ. ಮೊದಲು ಮೀಟರ್ ನೋಡೋಣ ಇರು ಅಂದೆ.

ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ ಅಲ್ವಾ, ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅದರ ಮೇಲೇ ಬರೆದಿರುತ್ತದೆ. ನಮ್ಮದರಲ್ಲಿ 3200. ಒಂದು ರಾತ್ರಿ ಫ್ರಿಜ್ ಸೇರಿ ಎಲ್ಲ ಸ್ವಿಚ್ ಆರಿಸಿ ಜಗಲಿಯಲ್ಲಿ ಶಾಲು ಹೊದ್ದು ಕೂತೆ. ಆದರೂ ನಿಮಿಷಕ್ಕೆ ಎರಡು ಸಲ ಮಿನುಗುತ್ತಿತ್ತು. ಯಾರೂ ಆರಿಸದೇ ಬಿಡುವ ಯುಪಿಎಸ್, ಸೆಟ್‌ಟಾಪ್ ಬಾಕ್ಸ್! ಸುಮ್ನೆ ನಿಂತಿದ್ದಕ್ಕೇ ತಿಂಗಳಿಗೆ 27 ಯೂನಿಟ್. ಯುಪಿಎಸ್ ಮಲೆನಾಡಿನ ಕಡೆ ತೆಗೆಯೋ ಹಾಗಿಲ್ಲ, ಬಾಕ್ಸನ್ನು ಮಾತ್ರ ಆರಿಸುವುದು ರೂಢಿ ಮಾಡಿಕೊಂಡೆವು. ಆಮೇಲೆ ಗೀಸರ್ ಹಾಕಿದೆ ನೋಡಿ, ದೀಪ ಸೆಕೆಂಡಿಗೆ ಎರಡು ಸಲದ ಹತ್ತಿರ ಹೊಡೆದುಕೊಳ್ಳತೊಡಗಿತು. 2000 ವ್ಯಾಟಿನದು, ಗಂಟೆಗೆ 2 ಯೂನಿಟ್. ಬೆಳಿಗ್ಗೆ ಆರಕ್ಕೆ ಹಾಕಿದರೆ ಕೊನೆಯವರ ಸ್ನಾನ ಮುಗಿಯುವ ತನಕ ಯಾರೂ ಆರಿಸುತ್ತಿರಲಿಲ್ಲ.

"ಹಂಡೆ ಅಟ್ಟಕ್ಕೆ ಹಾಕಿದ್ದು ನೀನೇ ಅಲ್ವೇನೋ" ಅಂದರು ಅಮ್ಮ.

ಹಾಗಾಗಿ ಮೊದಲ ದುಡ್ಡು ಬಚ್ಚಲುಮನೆಗೆ ಹೋಯಿತು. ಒಲೆ ಹೊಸದಾಗಿ ಕಟ್ಟಿಸಿ, ಹೊಗೆ ಒಳಗೆ ತಿರುಗದ ಹಾಗೆ ಕೊಳವೆಯನ್ನು ಹೆಂಚಿನ ಮೇಲಕ್ಕೆ ಎತ್ತರಿಸಿ, ಹಂಡೆ ಕೂರಿಸಿದೆವು. ಮಾವನ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿದಾಗ ಬೀಳುವ ಸಿಲ್ವರ್ ಓಕ್ ಕೊಂಬೆ ವರ್ಷಕ್ಕೆ ಸಾಕು. ಸೌದೆ ಕೊಂಡು ತರಬೇಕಾದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೋಲಾರ್ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಬಿಸಿಲಿರುವ ತಿಂಗಳಲ್ಲಿ ಅದು ಚೆನ್ನಾಗಿಯೇ ಇರುತ್ತದೆ, ಆದರೆ ಜೂನ್‌ನಿಂದ ಮೋಡ ಮುಚ್ಚಿಕೊಂಡರೆ ಮತ್ತೆ ಗೀಸರ್ ಸ್ವಿಚ್ಚಿಗೇ ಕೈ ಹೋಗುತ್ತದೆ.

ಎರಡನೆಯದು ಅಡುಗೆಮನೆ. ಮಸಿ ಹಿಡಿದ ಮಾಡು, ಒಂದೇ ಕಿಟಕಿ, ಹಗಲಲ್ಲೂ ಹಳೇ ಚೋಕಿನ ಎರಡು ಟ್ಯೂಬ್‌ಲೈಟ್. ನಾಲ್ಕು ಗಾಜಿನ ಹೆಂಚು ಹಾಕಿಸಿದೆ, ಅಷ್ಟೇ. ಮೊದಲ ದಿನ ಹೆಂಡತಿ ಅಕ್ಕಿ ಆರಿಸುತ್ತಾ "ಲೈಟ್ ಆರಿಸೋದು ಮರೆತೆನಾ" ಅಂತ ಎರಡು ಸಲ ತಲೆ ಎತ್ತಿ ನೋಡಿದಳು. ತಪ್ಪೂ ಆಯಿತು: ಹಳೇ ಹೆಂಚಿನ ಅಚ್ಚು ಬೇರೆ, ಗಾಜಿನದು ಬೇರೆ, ಅಂಚು ಸರಿಯಾಗಿ ಕಚ್ಚಲಿಲ್ಲ. ಜೂನ್ ಮಳೆಗೆ ನೀರು ನೇರ ಒಲೆಕಟ್ಟೆ ಮೇಲೆ. ಹಳೇ ಹೆಂಚು ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಜೋಡಿಸಿ ನೋಡಿ ತನ್ನಿ.

ಕರೆಂಟ್ ಕಮ್ಮಿ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಒಂದೇ ತಂದೆವು, ಅಮ್ಮನ ಕೋಣೆಗೆ. ಹಳೇದು 75 ವ್ಯಾಟ್, ಇದು 28. ಆದರೆ ನಮ್ಮಲ್ಲಿ ಅದು ತಿರುಗುವುದೇ ಮಾರ್ಚ್‌ನಿಂದ ಮೇ ತನಕ, ಮನೆಪೂರ್ತಿ ಬದಲಾಯಿಸಿದರೆ ಹಾಕಿದ ದುಡ್ಡು ಯಾವಾಗ ಹುಟ್ಟುತ್ತೋ.

ಈ ಜನವರಿಗೆ 112 ಯೂನಿಟ್. ಕಟ್ಟಬೇಕಾದ್ದು ಸೊನ್ನೆ. ತಮ್ಮ ಬಿಲ್ ತಿರುಗಿಸಿ ನೋಡಿ, ಹಾಗಾದ್ರೆ ಉಳಿದ ದುಡ್ಡಲ್ಲಿ ಫಾಲ್ಸ್ ಸೀಲಿಂಗ್ ಮಾಡಿಸಬಹುದಲ್ಲ ಅಂದ.