ಅವಳಿ ನಗರಗಳಲ್ಲಿ ಚಳಿಗಾಲದ ವಾರಾಂತ್ಯ: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಅಮೆರಿಕದ ಮಿನೆಸೋಟ ರಾಜ್ಯದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗಳಿಗೆ ಬೇಸಿಗೆಯಲ್ಲಿ ಬಂದ ಕುಟುಂಬಗಳಿಗೆ ಊರು ಬೇಗ ಪರಿಚಯವಾಗುತ್ತದೆ. ನವೆಂಬರ್ ನಂತರ ಬಂದವರ ಪಾಲಿಗೆ ಮೊದಲ ಕೆಲವು ತಿಂಗಳು ಕಠಿಣವೇ ಸರಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಜನವರಿಯಲ್ಲಿ ನಡುಹಗಲಿನ ತಾಪಮಾನವೂ ಸಾಮಾನ್ಯವಾಗಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಕೆಳಗೇ ಇರುತ್ತದೆ, ಹೀಗಾಗಿ ಶನಿವಾರ ಭಾನುವಾರಗಳನ್ನು ಮನೆಯೊಳಗೇ ಕಳೆಯುವ ರೂಢಿ ಬಲುಬೇಗ ಬೆಳೆದುಬಿಡುತ್ತದೆ. ಆದರೆ ಇಲ್ಲಿನ ನಾಟಕ, ಸಂಗೀತ, ನೃತ್ಯಗಳ ಋತು ಬಿರುಸಾಗಿ ಸಾಗುವುದು ಇದೇ ತಿಂಗಳುಗಳಲ್ಲಿ. ಆದ್ದರಿಂದ ವಾರಾಂತ್ಯಕ್ಕೆ ಒಂದಾದರೂ ಕಾರ್ಯಕ್ರಮಕ್ಕೆ ಹೋಗುವ ಪದ್ಧತಿಯನ್ನು ಮೊದಲ ಚಳಿಗಾಲದಲ್ಲೇ ಇಟ್ಟುಕೊಳ್ಳಿ, ಅದನ್ನು ಉಚಿತ ಪ್ರವೇಶವಿರುವ ಸ್ಥಳಗಳಿಂದ ಆರಂಭಿಸಿ ಎಂಬುದು ನಮ್ಮ ಸಂಘದ ಸಲಹೆ. ದುಬಾರಿ ಟಿಕೆಟ್ ಕೊಂಡ ಮೇಲೆ ಮಗು ಅತ್ತರೂ ಹಟ ಮಾಡಿದರೂ ಕೊನೆಯವರೆಗೆ ಕೂರಲೇಬೇಕೆನಿಸುತ್ತದೆ. ಹಣ ಕೊಡದೆ ಒಳಹೋದಲ್ಲಿಂದ ಅರ್ಧ ಗಂಟೆಗೇ ಹೊರಟು ಬರಬಹುದು, ಮುಂದಿನ ವಾರ ಮತ್ತೆ ಹೋಗಬಹುದು.

ಅಂಥ ಸ್ಥಳಗಳಲ್ಲಿ ಮೊದಲಿನದು ಮಿನಿಯಾಪೊಲಿಸ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್. ಊರಿನವರು ಇದನ್ನು ಮಿಯಾ ಎಂದು ಕರೆಯುತ್ತಾರೆ. 1915ರಲ್ಲಿ ಬಾಗಿಲು ತೆರೆದ ಈ ಕಲಾ ಸಂಗ್ರಹಾಲಯಕ್ಕೆ ಸಾಮಾನ್ಯ ಪ್ರವೇಶ ಉಚಿತ. ಕೆಲವು ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ ಇರುತ್ತದೆ. ಭಾರತ ಮತ್ತು ಆಗ್ನೇಯ ಏಷ್ಯಾದ ಶಿಲ್ಪಗಳ ವಿಭಾಗದಿಂದ ಶುರುಮಾಡಿದರೆ, ತಮಗೆ ಗೊತ್ತಿರುವ ದೇವರ ಮೂರ್ತಿಗಳನ್ನು ಗುರುತಿಸುವ ಉತ್ಸಾಹದಲ್ಲಿ ಮಕ್ಕಳು ಉಳಿದ ಕೋಣೆಗಳಿಗೂ ಬೇಸರವಿಲ್ಲದೆ ಬರುತ್ತಾರೆ. 1965ರಲ್ಲಿ ಸ್ಥಾಪನೆಯಾದ ಚಿಲ್ಡ್ರನ್ಸ್ ಥಿಯೇಟರ್ ಕಂಪನಿಯ ರಂಗಮಂದಿರ ಈ ಕಟ್ಟಡಕ್ಕೆ ಹೊಂದಿಕೊಂಡೇ ಇದೆ. ಮಕ್ಕಳ ನಾಟಕವೆಂದರೆ ಶಾಲಾ ವಾರ್ಷಿಕೋತ್ಸವದ ಮಟ್ಟದ್ದು ಎಂದು ಭಾವಿಸಬೇಡಿ. ಪ್ರಾದೇಶಿಕ ರಂಗಮಂದಿರಗಳಿಗೆ ಕೊಡುವ ಟೋನಿ ಪ್ರಶಸ್ತಿ 2003ರಲ್ಲಿ ಈ ಸಂಸ್ಥೆಗೆ ಸಂದಿದೆ.

ದೊಡ್ಡವರ ನಾಟಕಗಳಿಗೆ ಗತ್ರಿ ಥಿಯೇಟರ್ ಇದೆ. ಟಿಕೆಟ್ ಇಲ್ಲದಿದ್ದರೂ, ಕಟ್ಟಡ ತೆರೆದಿರುವ ವೇಳೆಯಲ್ಲಿ ಒಳಹೋಗಿ, ಮಿಸಿಸಿಪ್ಪಿ ನದಿಯತ್ತ ಚಾಚಿಕೊಂಡಿರುವ ಅದರ ‘ಎಂಡ್‌ಲೆಸ್ ಬ್ರಿಜ್’ನಲ್ಲಿ ನಿಂತು ಸೇಂಟ್ ಆಂಥನಿ ಜಲಪಾತವನ್ನೂ ಹಳೆಯ ಹಿಟ್ಟಿನ ಗಿರಣಿಗಳನ್ನೂ ನೋಡಬಹುದು.

ಸೇಂಟ್ ಪಾಲ್‌ನ ಕೋಮೋ ಉದ್ಯಾನದಲ್ಲಿರುವ ಗಾಜಿನ ಮನೆಯನ್ನು ನಾವು ವಿಶೇಷವಾಗಿ ಶಿಫಾರಸು ಮಾಡುತ್ತೇವೆ. ಇದೂ 1915ರಲ್ಲೇ ಆರಂಭವಾದದ್ದು. ಪ್ರವೇಶ ಉಚಿತ, ಇಷ್ಟವಿದ್ದಷ್ಟು ಕಾಣಿಕೆ ಹಾಕಬಹುದು. ಬೆಂಗಳೂರಿನವರಿಗೆ ಲಾಲ್‌ಬಾಗಿನ ಗಾಜಿನ ಮನೆ ನೆನಪಾಗದೆ ಇರದು, ಏಕೆಂದರೆ ಅಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೇ ಇಲ್ಲಿಯೂ ಚಳಿಗಾಲದ ಹೂವಿನ ಪ್ರದರ್ಶನವಿರುತ್ತದೆ. ವಾರಗಟ್ಟಲೆ ಬರೀ ಹಿಮವನ್ನೇ ನೋಡಿದ ಕಣ್ಣಿಗೆ ಒದ್ದೆ ಮಣ್ಣಿನ ವಾಸನೆಯ ನಡುವೆ ಹಸಿರು ಕಂಡಾಗ ಆಗುವ ನೆಮ್ಮದಿ ದೊಡ್ಡದು. ಊರಿನಿಂದ ಬಂದ ಅಜ್ಜ ಅಜ್ಜಿಯರನ್ನು ತಪ್ಪದೆ ಕರೆದೊಯ್ಯಿರಿ.

ಸಂಗೀತದಲ್ಲಿ ಆಸಕ್ತಿ ಇರುವವರು 1959ರಲ್ಲಿ ಆರಂಭವಾದ ಸೇಂಟ್ ಪಾಲ್ ಚೇಂಬರ್ ಆರ್ಕೆಸ್ಟ್ರಾದ ಕಛೇರಿಗಳನ್ನು ಗಮನಿಸಬೇಕು. ಮಕ್ಕಳಿಗೂ ವಿದ್ಯಾರ್ಥಿಗಳಿಗೂ ಉಚಿತ ಟಿಕೆಟ್ ಕೊಡುವ ವ್ಯವಸ್ಥೆ ಅಲ್ಲಿದೆ. ಕಛೇರಿಯಿಂದ ಕಛೇರಿಗೆ ವಯಸ್ಸಿನ ಮಿತಿ ಬೇರೆಯಾಗಬಹುದಾದ್ದರಿಂದ ಪುಟ್ಟ ಮಕ್ಕಳಿರುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಭರತನಾಟ್ಯ ಕಲಿಯುತ್ತಿರುವ ಮಕ್ಕಳ ತಂದೆತಾಯಿಯರಿಗೆ ಇನ್ನೊಂದು ಮಾತು: ರಾಣೀ ರಾಮಸ್ವಾಮಿ ಅವರು 1992ರಲ್ಲಿ ಸ್ಥಾಪಿಸಿದ ರಾಗಮಾಲಾ ನೃತ್ಯ ಸಂಸ್ಥೆಯ ನೆಲೆ ಮಿನಿಯಾಪೊಲಿಸ್. ಅವರ ಪ್ರದರ್ಶನ ಊರಿನಲ್ಲಿದ್ದರೆ ಬಿಡಬೇಡಿ.

ಇನ್ನು ಹೊರಾಂಗಣದ ಉತ್ಸವಗಳು. ಜನವರಿಯ ಕೊನೆಯಿಂದ ಫೆಬ್ರವರಿಯ ಆರಂಭದವರೆಗೆ ನಡೆಯುವ ಸೇಂಟ್ ಪಾಲ್ ವಿಂಟರ್ ಕಾರ್ನಿವಲ್ ಅವುಗಳಲ್ಲಿ ಹಿರಿಯದು. ನ್ಯೂಯಾರ್ಕಿನ ಪತ್ರಕರ್ತನೊಬ್ಬ ಈ ಊರು ಸೈಬೀರಿಯದಂತಿದೆ, ಮನುಷ್ಯರು ಬಾಳಲು ತಕ್ಕದ್ದಲ್ಲ ಎಂದು ಬರೆದನೆಂದೂ, ಅದಕ್ಕೆ ಉತ್ತರವಾಗಿ ಊರಿನವರು 1886ರಲ್ಲಿ ಮಂಜುಗಡ್ಡೆಯ ಅರಮನೆ ಕಟ್ಟಿ ಹಬ್ಬ ಮಾಡಿದರೆಂದೂ ಇಲ್ಲಿ ಹೇಳುತ್ತಾರೆ. ಗಾಳಿಯ ರಾಜ ಬೋರಿಯಸ್‌ಗೂ ಬೆಂಕಿಯ ದೊರೆ ವಲ್ಕನ್‌ಗೂ ನಡೆಯುವ ಹೋರಾಟವೇ ಉತ್ಸವದ ಕಥಾವಸ್ತು. ಕೊನೆಯಲ್ಲಿ ವಲ್ಕನ್ ಗೆದ್ದು ಚಳಿಗಾಲವನ್ನು ಓಡಿಸುತ್ತಾನೆ. ಈ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ದರೆ ಮೆರವಣಿಗೆಯ ವೇಷಗಳು ಅವರಿಗೆ ಅರ್ಥವಾಗುತ್ತವೆ. ರೈಸ್ ಪಾರ್ಕಿನಲ್ಲಿ ಸಾಮಾನ್ಯವಾಗಿ ಮಂಜುಗಡ್ಡೆಯ ಶಿಲ್ಪಗಳಿರುತ್ತವೆ. 1952ರಿಂದ ಪಯೋನಿಯರ್ ಪ್ರೆಸ್ ಪತ್ರಿಕೆ ನಡೆಸುತ್ತಿರುವ ನಿಧಿಶೋಧದಲ್ಲಿ, ಸಾರ್ವಜನಿಕ ಉದ್ಯಾನವೊಂದರಲ್ಲಿ ಬಚ್ಚಿಟ್ಟ ಪದಕವನ್ನು ದಿನಕ್ಕೊಂದರಂತೆ ಪ್ರಕಟವಾಗುವ ಪ್ರಾಸಬದ್ಧ ಸುಳಿವುಗಳ ನೆರವಿನಿಂದ ಹುಡುಕಬೇಕು. ಬಹುಮಾನ ಸಿಗಲಿ ಬಿಡಲಿ, ಹದಿಹರೆಯದ ಮಕ್ಕಳು ಊರಿನ ಉದ್ಯಾನಗಳನ್ನೂ ಇತಿಹಾಸವನ್ನೂ ತಿಳಿದುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಕಲಾವಿದರು ಗುಡಿಸಲುಗಳನ್ನು ಕಟ್ಟಿ, ಒಳಗೆ ಹಾಡು, ಆಟ, ಪ್ರದರ್ಶನ ನಡೆಸುವ ‘ಆರ್ಟ್ ಶಾಂಟಿ ಪ್ರಾಜೆಕ್ಟ್ಸ್’ ಕೂಡ ಇದೇ ಅವಧಿಯ ವಾರಾಂತ್ಯಗಳಲ್ಲಿ ಇರುತ್ತದೆ. ಚಳಿ ಸಾಲದ ವರ್ಷಗಳಲ್ಲಿ ಇದನ್ನು ದಡಕ್ಕೆ ಸ್ಥಳಾಂತರಿಸಿದ್ದೂ ಮೊಟಕುಗೊಳಿಸಿದ್ದೂ ಉಂಟು. ಹೊರಡುವ ದಿನ ಬೆಳಿಗ್ಗೆ ಸಂಘಟಕರ ಪ್ರಕಟಣೆ ನೋಡಿಕೊಳ್ಳಿ. ಸಂಘಟಕರು ಅನುಮತಿಸಿದ ಜಾಗ ಬಿಟ್ಟು ಬೇರೆಲ್ಲಿಯೂ ಮಕ್ಕಳನ್ನು ಮಂಜುಗಡ್ಡೆಯ ಮೇಲೆ ಬಿಡಬೇಡಿ. ನಡೆದಾಡಲು ಕನಿಷ್ಠ ನಾಲ್ಕು ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಬೇಕೆಂಬುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ, ಮತ್ತು ಒಂದೇ ಕೆರೆಯಲ್ಲಿ ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ.

ಹವಾಮಾನ ನೋಡುವಾಗ ತಾಪಮಾನದ ಜೊತೆಗೆ ‘ವಿಂಡ್ ಚಿಲ್’ ಅಂಕಿಯನ್ನೂ, ಅಂದರೆ ಗಾಳಿಯೂ ಸೇರಿ ಮೈಗೆ ಎಷ್ಟು ಚಳಿ ಅನ್ನಿಸುತ್ತದೆ ಎಂಬುದನ್ನೂ ಗಮನಿಸಿ. ಅದು ಮೈನಸ್ 28 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬಯಲಿಗೆ ಒಡ್ಡಿದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಅಂಥ ದಿನ ಹೊರಾಂಗಣದ ಕಾರ್ಯಕ್ರಮ ಬಿಟ್ಟು ಮಿಯಾಕ್ಕೋ ಕೋಮೋಕ್ಕೋ ಹೋಗುವುದು ಸರಿ. ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ಉಡುಪು ಉತ್ತಮ, ಏಕೆಂದರೆ ಸಭಾಂಗಣದ ಒಳಗೆ ಬೆಚ್ಚಗಿರುತ್ತದೆ, ಕಳಚಬೇಕಾಗುತ್ತದೆ. ಕಾರಿನಲ್ಲಿ ಮಕ್ಕಳನ್ನು ಉಬ್ಬಿದ ಜಾಕೆಟ್ ಸಮೇತ ಕಾರ್ ಸೀಟಿಗೆ ಬಿಗಿಯಬಾರದು; ಅಪಘಾತದಲ್ಲಿ ಜಾಕೆಟ್ ಅದುಮಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ಮೊದಲು ಬೆಲ್ಟ್ ಹಾಕಿ, ಮೇಲೆ ಕಂಬಳಿ ಹೊದಿಸಿ.

ಕಾರು ಇಲ್ಲದವರು ಎರಡೂ ನಗರಗಳ ಕೇಂದ್ರಗಳನ್ನು 2014ರಿಂದ ಜೋಡಿಸಿರುವ ಗ್ರೀನ್ ಲೈನ್ ರೈಲನ್ನು ಬಳಸಬಹುದು. ಕಾರು ಇರುವವರು, ಹಿಮ ಜೋರಾಗಿ ಬಿದ್ದಾಗ ನಗರಾಡಳಿತ ಘೋಷಿಸುವ ‘ಸ್ನೋ ಎಮರ್ಜೆನ್ಸಿ’ಯ ನಿಯಮಗಳನ್ನು ಓದಿಕೊಂಡಿರಬೇಕು. ಎರಡೂ ನಗರಗಳಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸುವುದಕ್ಕೆ ನಿರ್ಬಂಧ ರಾತ್ರಿ ಒಂಬತ್ತಕ್ಕೆ ಆರಂಭವಾಗುತ್ತದೆ, ಅಂದರೆ ಸಂಜೆಯ ನಾಟಕ ಇನ್ನೂ ನಡೆಯುತ್ತಿರುವಾಗಲೇ. ನಿಷೇಧವಿರುವ ರಸ್ತೆಯಲ್ಲಿ ಕಾರು ನಿಂತಿದ್ದರೆ ಎಳೆದೊಯ್ಯುತ್ತಾರೆ. ಹಿಮದ ಮುನ್ಸೂಚನೆ ಇರುವ ದಿನ ದರ ಹೆಚ್ಚಾದರೂ ಮುಚ್ಚಿದ ಪಾರ್ಕಿಂಗ್ ಕಟ್ಟಡದಲ್ಲೇ ನಿಲ್ಲಿಸಿ.

ಟಿಕೆಟ್ ಕೊಳ್ಳುವ ಮೊದಲು ನಿಮ್ಮ ಗ್ರಂಥಾಲಯದ ಕಾರ್ಡ್ ಮಾಡಿಸಿಕೊಳ್ಳಿ. ಅವಳಿ ನಗರ ಪ್ರದೇಶದ ಸಾರ್ವಜನಿಕ ಗ್ರಂಥಾಲಯಗಳ ‘ಸ್ಮಾರ್ಟ್‌ಪಾಸ್’ ಯೋಜನೆಯಡಿ ಹಲವು ಕಲಾಸಂಸ್ಥೆಗಳ ಟಿಕೆಟ್‌ಗಳು ಉಚಿತವಾಗಿ ಇಲ್ಲವೆ ರಿಯಾಯಿತಿಯಲ್ಲಿ ಸಿಗುತ್ತವೆ. ಅವು ಬೇಗ ಮುಗಿದುಹೋಗುವುದರಿಂದ ವಾರದ ಮಧ್ಯದಲ್ಲೇ ಕಾದಿರಿಸುವುದು ಒಳ್ಳೆಯದು.